ಪಟ್ಟಿಯಲ್ಲಿ ಹೆಸರು ಬಂದರೆ ಏನಾಗುತ್ತದೆ, ಪುಟ್ಟೀ?

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಅಳಿಯನ ಬೆನ್ನಿನ ವಿಷಯ, ಬಾಡಿಗೆಯ ವಿಷಯ ನಾನು ಮತ್ತೆ ಕೇಳುವುದಿಲ್ಲ. ನಿನಗೂ ಎಲ್ಲರಿಗೆ ಹೇಳಿ ಹೇಳಿ ಸಾಕಾಗಿರಬಹುದು. ಆದರೆ ಕೊನೆಯ ಪುಟದಲ್ಲಿ, ಸಹಿಗಿಂತ ಮೇಲೆ, ಜಾಗ ಸಾಲದೆ ಸಣ್ಣಕ್ಕೆ ಒಂದು ಮಾತು ಬರೆದಿದ್ದೀಯ ನೋಡು. ‘ಬಿಪಿಎಲ್‌ಗೆ ಅರ್ಜಿ ಹಾಕಿದರೆ ಪಟ್ಟಿಯಲ್ಲಿ ನಮ್ಮ ಹೆಸರು ಬರುತ್ತದೆ ಮಾವ, ನಾಳೆ ದೊಡ್ಡವಳಿಗೆ ಸಂಬಂಧ ನೋಡುವಾಗ ಯಾರಾದರೂ ಅದನ್ನೇ ಎತ್ತಿ ಆಡಿದರೆ?’ ಅಂತ. ಅದನ್ನು ಓದಿದ ಮೇಲೆ ಉಳಿದದ್ದೆಲ್ಲ ಮರೆತೇ ಹೋಯಿತು.

ಅವಳಿಗೆ ಇನ್ನೂ ಪಿಯುಸಿ ಮುಗಿದಿಲ್ಲ ಮಾರಾಯ್ತಿ. ಆಗಲೇ ಯಾವನೋ ಹುಡುಗನ ಕಡೆಯವರು ಬಂದು ಜಗಲಿಯಲ್ಲಿ ಕೂತು ರೇಶನ್ ಕಾರ್ಡ್ ಕೇಳುತ್ತಾರೆ ಅಂತ ನೀನು ಹೆದರುತ್ತಿದ್ದೀಯ.

ಸುಮ್ನೆ ನಗಾಡಿ ಬಿಡಬಹುದಿತ್ತು. ಆದರೆ ಈ ಹೆದರಿಕೆಯನ್ನು ನಾನು ತುಂಬ ಹತ್ತಿರದಿಂದ ನೋಡಿದ್ದೇನೆ. ಸೊಸೈಟಿಯಲ್ಲಿ ರೇಶನ್ ತೂಗಿದವನು ನಾನು. ಆಗ ಬಡವರಿಗೆ ಹಸಿರು ಕಾರ್ಡು, ಕೈಯಲ್ಲಿ ಹಿಡಿದರೆ ದೂರಕ್ಕೇ ಬಣ್ಣ ಗೊತ್ತಾಗುತ್ತಿತ್ತು. ಬೆಳಿಗ್ಗೆ ಕ್ಯೂ ಇರುವಾಗ ಕೆಲವರು ಬರುತ್ತಲೇ ಇರಲಿಲ್ಲ. ಮಧ್ಯಾಹ್ನ, ನಾವು ಬಾಗಿಲು ಎಳೆದು ಊಟಕ್ಕೆ ಹೊರಡುವ ಹೊತ್ತಿಗೆ, ಬಿಸಿಲಿನಲ್ಲಿ ಒಬ್ಬೊಬ್ಬರೇ ಬರುತ್ತಿದ್ದರು. ಕಾರ್ಡು ಪ್ಲಾಸ್ಟಿಕ್ ತೊಟ್ಟೆಯೊಳಗೆ, ತೊಟ್ಟೆ ಸೆರಗಿನೊಳಗೆ. ಒಬ್ಬರು ಹೆಂಗಸು ಪ್ರತಿ ತಿಂಗಳು ಒಂದು ಕಟ್ಟು ಬಸಳೆ ಹಿಡಿದುಕೊಂಡೇ ಬರುತ್ತಿದ್ದರು. ಅಕ್ಕಿ ಚೀಲಕ್ಕೆ ತುಂಬಿಸಿದ ಮೇಲೆ ಬಸಳೆಯನ್ನು ಮೇಲಿಂದ ಇಟ್ಟು, ಸೊಪ್ಪು ಹೊರಗೆ ಕಾಣುವ ಹಾಗೆ ಜೋಡಿಸಿ, ಸಂತೆಯಿಂದ ತರಕಾರಿ ತಂದವರ ಹಾಗೆ ನಡೆದು ಹೋಗುತ್ತಿದ್ದರು. ಚಿಮಿಣಿ ಎಣ್ಣೆಯ ಕ್ಯಾನ್ ಮಾತ್ರ ಅಡಗಿಸಲಿಕ್ಕೆ ಆಗುತ್ತಿರಲಿಲ್ಲ. ಅದನ್ನು ಮಗನ ಕೈಯಲ್ಲಿ ಕತ್ತಲಾದ ಮೇಲೆ ಕಳಿಸುತ್ತಿದ್ದರು.

ಅವರ ಮಕ್ಕಳಿಗೆಲ್ಲ ಮದುವೆ ಆಯಿತು. ಊಟಕ್ಕೆ ನಾನೂ ಹೋಗಿದ್ದೇನೆ. ನನ್ನನ್ನು ಕಂಡಾಗ ಅವರ ಮುಖ ಒಮ್ಮೆ ಸಣ್ಣದಾಯಿತು, ಅಷ್ಟೇ. ಹುಡುಗನ ಕಡೆಯವರಿಗೆ ಹೋಳಿಗೆ ಬಡಿಸುವುದರಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ.

ಪಟ್ಟಿ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಇದೆ. ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ತಾಲೂಕು, ಊರು ಆರಿಸಿದರೆ ಕಾರ್ಡುದಾರರ ಹೆಸರು ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಆದರೆ ರಾಜ್ಯದಲ್ಲಿ ಒಂದು ಕೋಟಿಗಿಂತ ಜಾಸ್ತಿ ಬಿಪಿಎಲ್ ಕಾರ್ಡುಗಳಿವೆ. ಅದರಲ್ಲಿ ನಿನ್ನ ಹೆಸರನ್ನು ಹುಡುಕಿ ತೆಗೆಯುವಷ್ಟು ಪುರುಸೊತ್ತು ಇರುವ ಮನೆಗೆ ಹೆಣ್ಣು ಕೊಡುವುದೇ ಬೇಡ ಅಂತ ನಾನು ಹೇಳುತ್ತೇನೆ. ಹುಡುಗನ ಕಡೆಯವರದ್ದೂ ಅದೇ ಪಟ್ಟಿಯಲ್ಲಿ ಇರಲೂಬಹುದು, ಅಲ್ವಾ?

ಅಜ್ಜನ ಗದ್ದೆ ಹೋದದ್ದು ನಿನಗೆ ಗೊತ್ತು. ಯಾಕೆ ಹೋಯಿತು ಅಂತ ಅಕ್ಕ, ನಿನ್ನ ಅಮ್ಮ, ಹೇಳಿರಲಿಕ್ಕಿಲ್ಲ, ಅವಳಿಗೆ ಅಪ್ಪನ ಮೇಲೆ ಒಂದು ಮಾತು ಬಂದರೆ ಆಗುವುದಿಲ್ಲ. ನಾವು ಚಾಲಗೇಣಿಯ ಒಕ್ಕಲು, ಧಣಿಗಳ ಗದ್ದೆಯನ್ನು ಗೇಣಿ ಕೊಟ್ಟು ಉಳುವವರು. 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣೆ ಕಾನೂನು ಜಾರಿಗೆ ಬಂತು, ದೇವರಾಜ ಅರಸರ ಕಾಲ. ಉಳುವವನು ಫಾರಂ ನಂಬರ್ 7 ತುಂಬಿಸಿ ಕೊಟ್ಟರೆ ಭೂನ್ಯಾಯ ಮಂಡಳಿಯಲ್ಲಿ ವಿಚಾರಣೆ ಆಗಿ ಗದ್ದೆ ಅವನ ಹೆಸರಿಗೆ. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಅನ್ನುತ್ತಿದ್ದರು. ಊರಿಡೀ ಅದೇ ಮಾತು. ಫಾರಂ ತಂದದ್ದು ನಾನು, ತುಂಬಿಸಿದ್ದು ನಾನು, ಸರ್ವೆ ನಂಬರ್ ಸಮೇತ. ಅಪ್ಪನ ಹೆಬ್ಬೆಟ್ಟು ಒಂದು ಬಾಕಿ. ಅಪ್ಪ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಟ್ಟರು. ‘ಧಣಿಗಳು ಏನು ಎಣಿಸಿಯಾರು? ನಾಳೆ ಅವರ ಮನೆಯ ಕಾರ್ಯಕ್ಕೆ ಯಾವ ಮುಖ ಹೊತ್ತುಕೊಂಡು ಹೋಗುವುದು?’ ಇಷ್ಟೇ. ಕೋರ್ಟಿನ ಹೆದರಿಕೆಯೂ ಇರಲಿಲ್ಲ, ಧಣಿಗಳು ಹೆದರಿಸಿಯೂ ಇರಲಿಲ್ಲ.

ವಾಯಿದೆ ಮುಂದೆ ಹೋಗುತ್ತಾ ಹೋಯಿತು. ಕೊನೆಯ ದಿನ 1979ರ ಜೂನ್ 30. ಅಷ್ಟರವರೆಗೂ ಆ ಕಾಗದ ಅಲ್ಲೇ ಇತ್ತು, ಹಳೆ ಕ್ಯಾಲೆಂಡರ್ ತೆಗೆದು ಹೊಸದನ್ನು ನೇತುಹಾಕುವಾಗ ಅಪ್ಪ ಅದನ್ನೂ ಜೋಪಾನವಾಗಿ ಹೊಸದರ ಹಿಂದಕ್ಕೆ ಬದಲಿಸುತ್ತಿದ್ದರು. ಬಿಸಾಡುವ ಮನಸ್ಸೂ ಬರಲಿಲ್ಲ, ಕೊಡುವ ಧೈರ್ಯವೂ ಬರಲಿಲ್ಲ.

ಆಚೆ ಬದಿಯ ಮನೆಯವರು ಕೊಟ್ಟರು. ಅವರಿಗೂ ಧಣಿಗಳಿಗೂ ಒಂದಷ್ಟು ಕಾಲ ಮಾತಿರಲಿಲ್ಲ. ದಾರಿಯಲ್ಲಿ ಕಂಡರೆ ಅತ್ತ ತಿರುಗುತ್ತಿದ್ದರು. ಆಮೇಲೆ ಒಂದು ಮಳೆಗಾಲದಲ್ಲಿ ಧಣಿಗಳ ಮನೆಯ ದನ ಹೊಂಡಕ್ಕೆ ಬಿತ್ತು, ಎತ್ತಲಿಕ್ಕೆ ಇವರೇ ಹೋದರು, ಮಾತು ಶುರುವಾಯಿತು, ಮದುವೆಗೆ ಕರೆಯೂ ಬಂತು. ಈಗ ಅವರ ಆರ್‌ಟಿಸಿಯಲ್ಲಿ ಅವರ ಹೆಸರೇ ಇದೆ. ನಮ್ಮ ಧಣಿಗಳು ತೀರಿಕೊಂಡ ಮೇಲೆ ಮಕ್ಕಳು ಗದ್ದೆ ಮಾರಿದರು, ನಮಗೆ ಮನೆಯ ಅಡಿಸ್ಥಳ ಬಿಟ್ಟುಕೊಟ್ಟರು. ಅದೇ ದೊಡ್ಡ ಉಪಕಾರ ಅಂತ ಅಪ್ಪ ಸಾಯುವವರೆಗೂ ಹೇಳಿಕೊಂಡಿದ್ದರು. ನಾನು ಎದುರು ಮಾತಾಡಲಿಲ್ಲ. ಆಗಲೂ ಮಾತಾಡಲಿಲ್ಲ, 1979ರಲ್ಲೂ ಮಾತಾಡಲಿಲ್ಲ. ಒಂದು ದಿನ ಕೂತು ಗಟ್ಟಿಯಾಗಿ ಜಗಳ ಮಾಡಿದ್ದರೆ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರೋ ಏನೋ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಿನ್ನ ಆ ಸಣ್ಣ ಅಕ್ಷರದ ಮಾತು ಅಪ್ಪನ ಬಾಯಿಯಿಂದಲೇ ಬಂದ ಹಾಗಿತ್ತು.

ಈಗ ನಿನ್ನ ಮನೆಯ ಲೆಕ್ಕಕ್ಕೆ ಬರುತ್ತೇನೆ. ನನಗೆ ಈಗಿನ ನಿಯಮ ಎಲ್ಲ ಗೊತ್ತಿದೆ ಅಂತ ತಿಳಿಯಬೇಡ, ನಿವೃತ್ತಿಯಾಗಿ ಕಾಲವಾಯಿತು, ಪೇಪರ್ ಓದಿ ತಿಳಿದದ್ದು ಜಾಸ್ತಿ. ವರ್ಷಕ್ಕೆ ಮನೆಯ ಆದಾಯ 1.20 ಲಕ್ಷದ ಒಳಗೆ ಇರಬೇಕು, ಮನೆಯಲ್ಲಿ ಸರ್ಕಾರಿ ನೌಕರರು, ಇನ್‌ಕಮ್ ಟ್ಯಾಕ್ಸ್ ಕಟ್ಟುವವರು ಇರಬಾರದು, ಬಿಳಿ ಬೋರ್ಡಿನ ಕಾರು ಇರಬಾರದು. ನಿನಗೆ ಯಾವುದಿದೆ ಹೇಳು? 2024ರ ನವೆಂಬರಿನಲ್ಲಿ ಕಾರ್ಡ್ ರದ್ದು ಮಾಡುತ್ತಾರೆ ಅಂತ ದೊಡ್ಡ ಗಲಾಟೆ ಆಯಿತಲ್ಲ, ಅದನ್ನು ಕೇಳಿಯೂ ನೀನು ಹೆದರಿರಬಹುದು. ಆಗಲೂ ಸರ್ಕಾರ ಕೊನೆಗೆ ಹೇಳಿದ್ದು, ಸರ್ಕಾರಿ ನೌಕರರದ್ದು, ಟ್ಯಾಕ್ಸ್ ಕಟ್ಟುವವರದ್ದು ಮಾತ್ರ ತೆಗೆಯುತ್ತೇವೆ ಅಂತ. ಸತ್ಯವಾಗಿ ಆದಾಯ ಬರೆದುಕೊಟ್ಟವನು ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ.

ಆದರೆ ಒಂದು ತೊಡಕಿದೆ. ನಿನ್ನ ಹೆಸರು ಇನ್ನೂ ಅತ್ತೆಯವರ ಕಾರ್ಡಿನಲ್ಲೇ ಇದೆ, ಅಲ್ವಾ? ಅಲ್ಲಿಂದ ತೆಗೆಸದೆ ನಿನಗೆ ಬೇರೆ ಆಗುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕೂಡ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೇ ಹೋಗುವುದು. ಅದಕ್ಕೆ ಬಿಪಿಎಲ್ಲೇ ಆಗಬೇಕೆಂದಿಲ್ಲ, ಎಪಿಎಲ್ ಆದರೂ ಆಗುತ್ತದೆ, ಟ್ಯಾಕ್ಸ್ ಕಟ್ಟುವವರಾಗಿರಬಾರದು ಅಷ್ಟೇ. ಅತ್ತೆಯ ಹತ್ತಿರ ಹೇಗೆ ಕೇಳುವುದು ಅಂತ ನೀನು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಅಳಿಯನೇ ಕೇಳಲಿ. ಹೊಸ ಕಾರ್ಡಿನ ಅರ್ಜಿಯನ್ನು ಯಾವಾಗಲೂ ತೆಗೆದುಕೊಳ್ಳುವುದಿಲ್ಲ, ಆಗೊಮ್ಮೆ ಈಗೊಮ್ಮೆ ಬಿಡುತ್ತಾರೆ, ಬಿಟ್ಟ ದಿನ ಸರ್ವರ್ ಇರುವುದಿಲ್ಲ, ಅದು ನಮ್ಮ ಹಣೆಬರಹ. ಪೇಟೆಯಲ್ಲಿ ಕರ್ನಾಟಕ ಒನ್‌ನಲ್ಲಿ ವಿಚಾರಿಸುತ್ತಾ ಇರು. ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ಸಾವಿರಗಟ್ಟಲೆ ಕೇಳುವವರ ಕೈಗೆ ಮಾತ್ರ ಕಾಗದ ಕೊಡಬೇಡ.

ಅಕ್ಕಿಯ ಬಗ್ಗೆ ಆಸೆ ಇಟ್ಟುಕೊಳ್ಳಬೇಡ. ಬರುವುದು ಹೆಚ್ಚಾಗಿ ಬೆಳ್ತಿಗೆ, ಬಿಳಿ ಅಕ್ಕಿ. ನಮ್ಮವರಿಗೆ ಕುಚ್ಚಲಕ್ಕಿ ಗಂಜಿ ಇಲ್ಲದೆ ಊಟ ಮಾಡಿದ ಹಾಗಾಗುವುದಿಲ್ಲ. ನೀರುದೋಸೆಗೆ ಆದೀತು. ನಾನು ನಿನಗೆ ಕಾರ್ಡ್ ಮಾಡಿಸು ಅನ್ನುವುದು ಅಕ್ಕಿಗಾಗಿ ಅಲ್ಲವೇ ಅಲ್ಲ, ಆಸ್ಪತ್ರೆಗಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಸರ್ಕಾರ ಕಟ್ಟಿದ ದರದ 30 ಶೇಕಡಾ ಮಾತ್ರ, ಉಳಿದದ್ದು ನಮ್ಮದೇ. ಅಳಿಯನ ಬೆನ್ನಿಗೆ ಆಪರೇಶನ್ ಬೇಕು ಅಂತಲೇ ಆದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೀನೇ ಲೆಕ್ಕ ಹಾಕು. ಮೊದಲು ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆದುಕೊಡುತ್ತಾರೆ, ಅದನ್ನು ಹಿಡಿದುಕೊಂಡು ಯೋಜನೆಯಲ್ಲಿರುವ ಬೇರೆ ಆಸ್ಪತ್ರೆಗೆ. ನೇರವಾಗಿ ಖಾಸಗಿಗೆ ಹೋಗಿ ಸೇರಿಸಿ ಆಮೇಲೆ ಕಾರ್ಡ್ ತೋರಿಸಿದರೆ ಪರದಾಟ. ತುರ್ತು ಅಂದರೆ ಬೇರೆ ಮಾತು.

ವೆನ್‌ಲಾಕ್ ಅಂದ ಕೂಡಲೇ ನಿನ್ನ ಮುಖ ಹೇಗಾಗಿರುತ್ತದೆ ಅಂತ ನನಗೆ ಗೊತ್ತು. ಅಲ್ಲಿ ಯಾರಾದರೂ ಗುರುತಿನವರು ಕಂಡರೆ? ಮತ್ತೆ ಅದೇ! ಅಲ್ಲಿ ಕಂಡವರೂ ಅಲ್ಲಿಗೇ ಬಂದವರು ಮಾರಾಯ್ತಿ.

ಮಲ್ಪೆಯಲ್ಲಿ ನೋಡು ಬೇಕಾದರೆ. ಲಕ್ಷಗಟ್ಟಲೆಯ ಬೋಟು ಇರುವವರು ತೆರಿಗೆ ಇಲ್ಲದ ಡೀಸೆಲಿಗೆ ಲೆಕ್ಕ ಹಿಡಿದು ಕೇಳುತ್ತಾರೆ, ಈ ತಿಂಗಳು ಕಡಿಮೆ ಬಂತು ಅಂತ ಮೀಟಿಂಗ್ ಕರೆಯುತ್ತಾರೆ. ಅವರ ಕಷ್ಟ ಅವರಿಗೆ, ನಾನು ತಪ್ಪು ಅನ್ನುವುದಿಲ್ಲ. ಆದರೆ ಅವರಲ್ಲಿ ಒಬ್ಬನಾದರೂ ‘ಸರ್ಕಾರದ ದುಡ್ಡು ತೆಗೆದುಕೊಂಡರೆ ಮಗಳಿಗೆ ಸಂಬಂಧ ಬರುವುದಿಲ್ಲ’ ಅಂತ ತಲೆ ತಗ್ಗಿಸಿದ್ದನ್ನು ನಾನು ಕಾಣಲಿಲ್ಲ. ನಾಚಿಕೆ ಎಲ್ಲ ರೇಶನ್ ಅಕ್ಕಿಯವರ ಪಾಲಿಗೇ ಯಾಕೆ ಬರಬೇಕು?

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಅಕ್ಕ ಕೇಳಿದರೆ ಬೈಯುತ್ತಾಳೆ, ಬೈಯಲಿ. ನೀನು ಹೈಸ್ಕೂಲಿಗೆ ಹೋಗುವಾಗ ವರ್ಷಕ್ಕೊಮ್ಮೆ ಹೊಸ ಕೊಡೆ, ಬ್ಯಾಗು ಎಲ್ಲ ಬರುತ್ತಿತ್ತಲ್ಲ, ಮಾವ ಕೊಡಿಸಿದ್ದು ಅಂತ ನೀನು ಈಗಲೂ ಎಲ್ಲರ ಹತ್ತಿರ ಹೇಳುತ್ತೀಯ. ನಾನು ಕೊಡಿಸಿದ್ದಲ್ಲ. ನನ್ನ ಸೊಸೈಟಿಯ ಸಂಬಳದಲ್ಲಿ ಅದು ಆಗುವ ಮಾತೇ ಆಗಿರಲಿಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯಿಂದ ಸ್ಕಾಲರ್‌ಶಿಪ್ ಬರುತ್ತದೆ, ಈಗಲೂ ಇದೆ. ಅಕ್ಕ ಫಾರಂ ಹಿಡಿದುಕೊಂಡು ಬೀಡಿ ಬ್ರಾಂಚಿಗೆ ಹೋಗಿ ಕಂಪೆನಿಯ ಸಹಿ ಮಾಡಿಸಿ, ಶಾಲೆಗೆ ಬಂದು ಹೆಡ್‌ಮಾಸ್ಟರ ಸೀಲು ಹಾಕಿಸಿ ಕಳಿಸುತ್ತಿದ್ದಳು. ನೀನು ಕ್ಲಾಸಿನಲ್ಲಿ ಇರುವ ಹೊತ್ತು ನೋಡಿಯೇ ಶಾಲೆಗೆ ಬರುತ್ತಿದ್ದದ್ದು, ನಿನ್ನ ಗೆಳತಿಯರು ಕಾಣಬಾರದು ಅಂತ. ಬಂದ ದುಡ್ಡನ್ನು ‘ಮಾವ ಕೊಟ್ಟದ್ದು ಅಂತ ಹೇಳು’ ಅಂದವಳು ಅವಳೇ.

ಈ ನಾಚಿಕೆ ನಿನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಅಜ್ಜನಿಂದ ಅಕ್ಕನಿಗೆ, ಅಕ್ಕನಿಂದ ನಿನಗೆ. ಆದರೆ ಅಕ್ಕ ಅಪ್ಪನ ಹಾಗೆ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಇಡಲಿಲ್ಲ ನೋಡು. ನಾಚಿಕೊಂಡೇ ಹೋಗಿ ಕೊಟ್ಟಳು.

ನಿನಗೆ ಸಂಬಂಧ ಬಂದಾಗ ಅವರು ಏನೇನು ಕೇಳಿದರು ನೆನಪಿದೆಯಾ? ಬಳಿ, ಅಂದರೆ ಕುಲ, ಯಾವುದು ಅಂತ ಕೇಳಿದರು. ಜಾತಕ ಕೇಳಿದರು. ಬಂಗಾರ ಎಷ್ಟು ಅಂತ ಬಾಯಿಬಿಟ್ಟು ಕೇಳದೆ, ‘ನಿಮ್ಮ ಮನಸ್ಸಿಗೆ ಬಂದ ಹಾಗೆ’ ಅಂತ ಹೇಳಿ ಕೇಳಿದ್ದಕ್ಕಿಂತ ಜಾಸ್ತಿ ಕೇಳಿದರು. ಅಳಿಯನ ಸೋದರಮಾವ ನನ್ನನ್ನು ಬದಿಗೆ ಕರೆದು, ಹುಡುಗಿಗೆ ಕೋರಿರೊಟ್ಟಿ ಮಾಡಲಿಕ್ಕೆ ಬರುತ್ತದಾ ಅಂತ ಗುಟ್ಟಿನಲ್ಲಿ ವಿಚಾರಿಸಿದರು. ಓದಿಸಿದ್ದು ಯಾವ ದುಡ್ಡಿನಲ್ಲಿ ಅಂತ ಯಾರಿಗೂ ಬೇಡವಾಗಿತ್ತು. ಓದಿದ್ದಾಳೆ ಅನ್ನುವುದಷ್ಟೇ ಅವರಿಗೆ ಬೇಕಿದ್ದದ್ದು. ದೊಡ್ಡವಳಿಗೂ ಹಾಗೇ ಆಗುತ್ತದೆ.

ಅವಳದ್ದು ಸ್ಕಾಲರ್‌ಶಿಪ್‌ಗೆ ರಾಜ್ಯದ ವೆಬ್‌ಸೈಟು ಎಸ್‌ಎಸ್‌ಪಿಯಲ್ಲಿ ಹಾಕಿದ್ದೀರಾ? ನಾಡಕಚೇರಿಯಿಂದ ಜಾತಿ, ಆದಾಯದ ಸರ್ಟಿಫಿಕೇಟ್ ಬೇಕು, ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ, ಹಳೆಯದಿದ್ದರೆ ತಾರೀಕು ನೋಡು. ಬ್ಯಾಂಕ್ ಖಾತೆ ಇದ್ದರೆ ಸಾಲದು, ಆಧಾರ್ ಸೀಡಿಂಗ್ ಆಗಿರಬೇಕು. ನಮ್ಮ ಬದಿಮನೆಯ ಹುಡುಗನಿಗೆ ಮಂಜೂರಾದ ದುಡ್ಡು ಅದೊಂದರಿಂದ ಬರದೆ ನಿಂತಿತ್ತು, ಬ್ಯಾಂಕಿಗೆ ಹೋಗಿ ಒಂದು ಫಾರಂ ಕೊಟ್ಟ ಮೇಲೆ ಬಂತು. ಕರೆಂಟಿನದ್ದೂ ಹಾಗೆ. ಗೃಹಜ್ಯೋತಿ ಬಾಡಿಗೆ ಮನೆಯವರಿಗೂ ಇದೆ, ಮೀಟರ್ ಓನರ್ ಹೆಸರಿನಲ್ಲಿದ್ದರೂ ನೀನೇ ಅರ್ಜಿ ಹಾಕಬಹುದು. ಹಿಂದಿನ ಮನೆಯಲ್ಲಿ ಮಾಡಿಸಿದ್ದರೆ ಅದನ್ನು ಮೊದಲು ಡಿ-ಲಿಂಕ್ ಮಾಡಿಸಬೇಕು. ಓನರಮ್ಮನಿಗೆ ಗೊತ್ತಾಗುತ್ತದೆ ಅಂತ ಅದಕ್ಕೂ ಹೆದರಬೇಡ ಮತ್ತೆ. ಅವರದ್ದೂ ಝೀರೋ ಬಿಲ್ಲೇ ಬರುತ್ತಿರಬಹುದು, ಕೇಳಿ ನೋಡು.

ಅಳಿಯನ ಲೇಬರ್ ಕಾರ್ಡ್ ಎಲ್ಲಿದೆ? ಸೆಂಟ್ರಿಂಗ್ ಕೆಲಸಕ್ಕೆ ಹೋಗುವಾಗ ಮಾಡಿಸಿದ್ದ ಅಂತ ನೆನಪು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಅಪಘಾತಕ್ಕೆ, ಆಸ್ಪತ್ರೆ ಖರ್ಚಿಗೆ, ಮಕ್ಕಳ ಓದಿಗೆ ಎಲ್ಲ ಸಹಾಯ ಇದೆ. ಕಾರ್ಡು ರಿನ್ಯೂವಲ್ ಆಗದಿದ್ದರೆ ಏನೂ ಸಿಗುವುದಿಲ್ಲ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟ್ ಕೇಳುತ್ತಾರೆ, ಬೆನ್ನು ಹಿಡಿದು ಮಲಗುವ ಮೊದಲಿನ ಕೆಲಸದ್ದು ಮೇಸ್ತ್ರಿ ಹತ್ತಿರ ಬರೆಸಿಕೊಳ್ಳಬಹುದೋ ಏನೋ, ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಅಂದಹಾಗೆ ನಿನ್ನ ಅತ್ತೆಗೆ 65 ಆಯಿತಾ? ಸಂಧ್ಯಾ ಸುರಕ್ಷಾ ಅಂತ ಒಂದಿದೆ. ಅವರಿಗೆ ತಿಂಗಳಿಗೆ ಅಷ್ಟು ದುಡ್ಡು ಕೈಗೆ ಬಂದರೆ ಕಾರ್ಡಿನಿಂದ ನಿನ್ನ ಹೆಸರು ತೆಗೆಯುವ ಮಾತನ್ನೂ ಸ್ವಲ್ಪ ಸಮಾಧಾನದಲ್ಲಿ ಕೇಳಿಸಿಕೊಂಡಾರು.

ಇಷ್ಟು ಬರೆದು ಮತ್ತೊಮ್ಮೆ ನಿನ್ನ ಪತ್ರ ತೆಗೆದು ನೋಡಿದೆ. ‘ಎತ್ತಿ ಆಡಿದರೆ?’ ಅಂತ ಕೇಳಿದ್ದೀಯ. ಆಡುತ್ತಾರೆ. ಇಲ್ಲ ಅನ್ನುವುದಿಲ್ಲ. ಒಬ್ಬರಾದರೂ ಆಡುತ್ತಾರೆ, ಅದೂ ನಮ್ಮದೇ ಕುಟುಂಬದಲ್ಲಿ ಯಾರು ಅಂತ ನಿನಗೂ ಗೊತ್ತು ನನಗೂ ಗೊತ್ತು, ಹೆಸರು ಬರೆಯುವುದಿಲ್ಲ. ಅವರು ಅರ್ಜಿ ಹಾಕದಿದ್ದರೂ ಆಡುತ್ತಾರೆ, ಗಂಡ ಮಲಗಿದ್ದಾನೆ, ಬಾಡಿಗೆ ಕಟ್ಟಿಲ್ಲ, ಮಗಳನ್ನು ಕಾಲೇಜು ಬಿಡಿಸಿದರು ಅಂತ. ಯಾವುದನ್ನು ಆಡಿಸಿಕೊಳ್ಳುತ್ತೀಯ ಅಂತ ನೀನೇ ನೋಡಿಕೋ. ನಾನಾಗಿದ್ದರೆ ಅಕ್ಕಿಯದ್ದನ್ನೇ ಆಡಲಿ ಅನ್ನುತ್ತಿದ್ದೆ.

ಬರುವ ಶನಿವಾರ ನಾನು ಮಂಗಳೂರಿಗೆ ಬರುತ್ತೇನೆ. ಅಕ್ಕನಿಗೆ ಉಚಿತ ಬಸ್ಸು ಇದೆ, ಆದರೆ ನಮ್ಮ ರೂಟಿನಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು, ಸರ್ಕಾರಿ ಬಸ್ಸಿಗೆ ಕಾಯುತ್ತಾ ಕೂತರೆ ಶನಿವಾರ ಹೊರಟವರು ಭಾನುವಾರ ಮುಟ್ಟುತ್ತೇವೆ. ಹಾಗಾಗಿ ನಾನೊಬ್ಬನೇ ಬರುವುದು. ಎಲ್ಲರ ಆಧಾರ್, ಅತ್ತೆಯ ಕಾರ್ಡ್, ಅಳಿಯನ ಲೇಬರ್ ಕಾರ್ಡ್, ಆಸ್ಪತ್ರೆಯ ಚೀಟಿಗಳು, ಕರೆಂಟ್ ಬಿಲ್ಲು, ಎಲ್ಲದರದ್ದು ಎರಡೆರಡು ಝೆರಾಕ್ಸ್ ತೆಗೆಸಿ ಇಡು. ಅರ್ಜಿ ನಾನೇ ತುಂಬಿಸುತ್ತೇನೆ, ನನ್ನ ಅಕ್ಷರ ಇನ್ನೂ ಹಾಳಾಗಿಲ್ಲ. ಅತ್ತೆಯ ಹತ್ತಿರ ಮಾತಾಡುವುದು ಮಾತ್ರ ನನ್ನಿಂದ ಆಗುವುದಿಲ್ಲ, ಅದನ್ನು ಶುಕ್ರವಾರದ ಒಳಗೆ ನೀವೇ ಮುಗಿಸಿ.

ನಿನ್ನ
ಮಾವ